ಕೈಗುಣದಕ್ಕನ ಆರು ಸಾಲು

ಕೆಲವರು ನೆಟ್ಟ ಗಿಡ ಬೇಗ ಚಿಗುರುತ್ತದೆ, ಕೆಲವರು ಕೊಟ್ಟ ಔಷಧಿ ಬೇಗ ನಾಟುತ್ತದೆ. ಕನ್ನಡಕದ ಗಾಜು ಉಜ್ಜುವ ಆ ಕಾರ್ಖಾನೆಯಲ್ಲಿ ಒಬ್ಬ ಹೆಂಗಸು ಒತ್ತಿದರೆ ಮಾತ್ರ ಕಂಪ್ಯೂಟರು ಮಾತು ಕೇಳುತ್ತಿತ್ತು. ಅದಕ್ಕೇ ಆಕೆಗೆ ಕೈಗುಣದಕ್ಕ ಎಂದು ಹೆಸರು ಬಿದ್ದಿತ್ತು. ಐವತ್ತೆರಡು ವರ್ಷ, ದುಂಡು ಮುಖ, ಏನಾದರೂ ಹೇಳುವ ಮುಂಚೆ ಕನ್ನಡಕವನ್ನು ಮೂಗಿನ ಮೇಲಕ್ಕೆ ತಳ್ಳಿಕೊಳ್ಳುವ ಅಭ್ಯಾಸ. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು.

ಕಾರ್ಖಾನೆ ಎಂದರೆ ಉದ್ದನೆಯ ಒಂದೇ ಒಂದು ಹಜಾರ. ಒಂದು ತುದಿಯಲ್ಲಿ ಗಾಜು ಉಜ್ಜುವ ಯಂತ್ರಗಳು ದಿನವಿಡೀ ಹಲ್ಲು ಕಡಿಯುತ್ತಿದ್ದವು. ಇನ್ನೊಂದು ತುದಿಯಲ್ಲಿ ಪ್ಯಾಕಿಂಗ್. ನೆಲದ ಮೇಲೆ ಯಾವಾಗಲೂ ಗಾಜುಪುಡಿಯ ಬಿಳಿ ಕೆಸರು. ಮೂಲೆಯ ಕಪಾಟಿನಲ್ಲಿ ಹಳೆಯ ಕಾಲದ ಒಂದು ದಪ್ಪ ಕಂಪ್ಯೂಟರು, ಅದರಿಂದ ವೈರು ಎಳೆದು ನಾಲ್ಕು ಕಡೆ ಇಟ್ಟ ನಾಲ್ಕು ಪರದೆ, ನಾಲ್ಕು ಕೀಬೋರ್ಡು. ಡಾಕ್ಟರು ಬರೆದುಕೊಟ್ಟ ಕಣ್ಣಿನ ನಂಬರು ಅದಕ್ಕೆ ಕೊಟ್ಟರೆ ಗಾಜನ್ನು ಎಷ್ಟು ಬಾಗಿಸಬೇಕು, ಎಷ್ಟು ದಪ್ಪ ಬಿಡಬೇಕು ಎಂದು ಲೆಕ್ಕ ಹಾಕಿ ಒಂದು ಚೀಟಿ ಕೊಡುತ್ತಿತ್ತು. ಚೀಟಿ ಬಾರದೆ ಉಜ್ಜುವ ಮೇಸ್ತ್ರಿ ಗಾಜು ಮುಟ್ಟುವಂತಿರಲಿಲ್ಲ. ನಂಬರು ತುಂಬಿಸುವುದು ಎಲ್ಲರಿಗೂ ಬರುತ್ತಿತ್ತು. ಆದರೆ ಚೀಟಿ ತೆಗೆಯುವ ಆಜ್ಞೆಯನ್ನು ಬೇರೆ ಯಾರೇ ಕೊಟ್ಟರೂ ಯಂತ್ರ ‘ಕಮಾಂಡ್ ನಾಟ್ ಫೌಂಡ್’ ಎಂದು ಮುಖ ತಿರುಗಿಸುತ್ತಿತ್ತು. ಅಕ್ಕ ತನ್ನ ಕುರ್ಚಿಯಲ್ಲಿ ಕೂತು ಅದೇ ಅಕ್ಷರ ಒತ್ತಿದರೆ ಚೀಟಿ ಗರಗರ ಹೊರಗೆ ಬರುತ್ತಿತ್ತು.

ಇದರಲ್ಲಿ ಪವಾಡ ಏನೂ ಇರಲಿಲ್ಲ. ಅದು ಅಕ್ಕನಿಗೆ ಮೊದಲ ದಿನದಿಂದಲೇ ಗೊತ್ತಿತ್ತು.

ಹನ್ನೊಂದು ವರ್ಷದ ಹಿಂದೆ ಆ ಯಂತ್ರ ಕೂರಿಸಲು ಬಂದಿದ್ದವನು ಒಬ್ಬ ಸಣಕಲು ಮನುಷ್ಯ. ಕೆಲಸ ಮುಗಿಯುವ ಹೊತ್ತಿಗೆ ಕರೆಂಟು ಕೈಕೊಟ್ಟು, ಬಂದು, ಮತ್ತೆ ಕೈಕೊಟ್ಟು, ಅವನ ಬಸ್ಸಿಗೆ ಹತ್ತೇ ನಿಮಿಷ ಉಳಿದಿತ್ತು. ಒಂದು ಕಾಲು ಬೂಟಿಗೆ ತೂರಿಸುತ್ತಲೇ ಅಕ್ಕನಿಗೆ ಪಾಠ ಹೇಳಿದ್ದ.

“ನೋಡೀಮ್ಮಾ, ಲಾಗಿನ್ ಆಗೋದು ಅಂದ್ರೆ ಬಾಗಿಲು ದಾಟಿ ಒಳಗೆ ಬಂದ ಹಾಗೆ. ಬಾಗಿಲಲ್ಲೇ ಯಂತ್ರ ನಿಮ್ಮ ಕಿವೀಲಿ ನಾಲ್ಕು ಮಾತು ಹೇಳಿ ಕಳಿಸುತ್ತೆ. ನಿಮ್ಮ ಮನೆ, ಅಂದ್ರೆ ಯಂತ್ರದೊಳಗೆ ನಿಮ್ಮ ಫೈಲು ಇರೋ ಜಾಗ ಯಾವುದು, ಪ್ರೋಗ್ರಾಮು ಎಲ್ಲಿ ಹುಡುಕಬೇಕು, ಲೆಕ್ಕದ ಟೇಬಲ್, ಅಂದ್ರೆ ಅಂಕಿಗಳ ಪಟ್ಟಿ ಎಲ್ಲಿದೆ, ಪ್ರಿಂಟರ್ ಯಾವುದು, ಹೀಗೆ. ಇದಕ್ಕೆ ಎನ್ವಿರಾನ್‌ಮೆಂಟ್ ವೇರಿಯಬಲ್ ಅಂತಾರೆ. ಮೊದಲು ಎಲ್ಲರಿಗೂ ಸೇರಿದ ಒಂದು ಫೈಲು ಓದುತ್ತೆ. ಆಮೇಲೆ ನಿಮ್ಮ ಮನೇಲಿರೋ ನಿಮ್ಮದೇ ಫೈಲು. ಎರಡರಲ್ಲೂ ಬೇರೆ ಬೇರೆ ಹೇಳಿದ್ರೆ ಕೊನೇಲಿ ಹೇಳಿದ್ದೇ ನಿಲ್ಲೋದು. ಈಗ ನನಗೆ ಹೊತ್ತಿಲ್ಲ, ನಿಮ್ಮ ಫೈಲಲ್ಲಿ ಮಾತ್ರ ಆರು ಸಾಲು ಹಾಕಿದೀನಿ. ನಿಧಾನಕ್ಕೆ ಎಲ್ಲರಿಗೂ ಸೇರಿದ ಆ ಫೈಲಿಗೂ ಹಾಕ್ಕೊಳಿ.”

ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು, ಯಂತ್ರದ ಯಾವ ಫೈಲನ್ನಾದರೂ ತೆರೆಯಬಲ್ಲ ದೊಡ್ಡ ಪಾಸ್‌ವರ್ಡನ್ನೂ ಅದರಲ್ಲೇ ಗೀಚಿ, ಅವನು ಬಸ್ಸಿಗೆ ಓಡಿದ. ಅಕ್ಕನ ಫೈಲಿನ ಹೆಸರಿನ ಮುಂದೆ ಒಂದು ಚುಕ್ಕಿ ಇತ್ತು. ಚುಕ್ಕಿ ಇಟ್ಟ ಫೈಲು ಸುಮ್ಮನೆ ಪಟ್ಟಿ ತೆಗೆದರೆ ಕಾಣಿಸುವುದಿಲ್ಲ. ದೃಷ್ಟಿ ತಾಗದಿರಲಿ ಎಂದು ಮಗುವಿಗೆ ಇಟ್ಟ ಬೊಟ್ಟಿನ ಹಾಗೆ ಅದೂ ಒಂದು ಬೊಟ್ಟು.

ಮರುದಿನ ಉಳಿದ ಮೂರು ಕೀಬೋರ್ಡಿನವರು, ಅಂದರೆ ಪ್ಯಾಕಿಂಗ್‌ನವಳು, ಗಾಜಿಗೆ ಬಣ್ಣ ಕಟ್ಟುವವಳು, ಮೇಸ್ತ್ರಿ, ಒಬ್ಬೊಬ್ಬರಾಗಿ ಪ್ರಯತ್ನಿಸಿ ಸೋತರು. ಅಕ್ಕ ಒತ್ತಿದಳು, ಚೀಟಿ ಬಂತು. ಪ್ಯಾಕಿಂಗ್‌ನವಳು ಕೆನ್ನೆಗೆ ಕೈ ಇಟ್ಟುಕೊಂಡು, “ಅಯ್ಯೋ, ಏನು ಕೈಗುಣ ಅಕ್ಕಾ ನಿಮ್ದು!” ಎಂದಳು. ಅಕ್ಕ ಅಂದೇ ಮಧ್ಯಾಹ್ನ ನಿಜ ಹೇಳಬೇಕೆಂದಿದ್ದಳು. ಅಷ್ಟರಲ್ಲಿ ಕಾರ್ಖಾನೆಯ ಯಜಮಾನರು ಬಂದು ಕಿಟಕಿ ಪಕ್ಕದ ಕೈಯಿರುವ ಕುರ್ಚಿಯನ್ನು ಆಕೆಗೆ ಹಾಕಿಸಿದರು. ಕುರ್ಚಿಯಲ್ಲಿ ಕೂತ ಮೊದಲ ದಿನವೇ ಎದ್ದು ನಿಂತು ಇದೆಲ್ಲ ನನ್ನದಲ್ಲ ಎನ್ನಲು ಮಹಾತ್ಮರೇ ಆಗಬೇಕು. ನಾಳೆ ಹೇಳಿದರಾಯಿತು ಎಂದುಕೊಂಡಳು. ಆ ನಾಳೆ ಹನ್ನೊಂದು ವರ್ಷವಾದರೂ ಬರಲಿಲ್ಲ.

ಆಮೇಲಂತೂ ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಟೀ ಮೊದಲು ಅಕ್ಕನಿಗೆ. ಹೊಸ ಉಜ್ಜುವ ಯಂತ್ರ ಬಂದರೆ ಸ್ವಿಚ್ಚು ಒತ್ತುವುದು ಅಕ್ಕ. ಬಣ್ಣ ಕಟ್ಟುವವಳು ತನ್ನ ಹೊಲಿಗೆ ಯಂತ್ರ ಕೆಟ್ಟಾಗ ಅದನ್ನೂ ತಂದು ಅಕ್ಕನಿಂದ ಮುಟ್ಟಿಸಿಕೊಂಡು ಹೋದಳು. ಅದು ಸರಿಯೂ ಹೋಯಿತು, ಏಕೆಂದರೆ ದಾರಿಯುದ್ದಕ್ಕೂ ಕುಲುಕಿ ಒಳಗೆ ಸಿಕ್ಕಿದ್ದ ದಾರ ಬಿಟ್ಟುಕೊಂಡಿತ್ತು. ಅಕ್ಕ ಬೇಡ ಬೇಡ ಎನ್ನುತ್ತಲೇ ಮುಟ್ಟಿದ್ದಳು. ಮನೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಈಕೆ ಕೂತರೂ ತಪ್ಪು ನಿಂತರೂ ತಪ್ಪು ಎನ್ನುವ ಅತ್ತೆ ಇದ್ದರು. ದಿನಕ್ಕೆ ಎಂಟು ಗಂಟೆ ಸರಿ ಎನಿಸಿಕೊಳ್ಳುವುದು ಎಷ್ಟು ಹಿತವೆಂದು ಅಂಥ ಅತ್ತೆ ಇದ್ದವರಿಗೇ ಗೊತ್ತು.

ಗುಟ್ಟು ಕಾಯಲು ಆಕೆ ಒಂದೇ ಒಂದು ಎಚ್ಚರ ವಹಿಸಿದ್ದಳು. ಸಂಜೆ ಮನೆಗೆ ಹೊರಡುವಾಗ ತಪ್ಪದೆ ಲಾಗೌಟ್ ಆಗುತ್ತಿದ್ದಳು, ತನ್ನ ಪಾಸ್‌ವರ್ಡನ್ನು ಯಾರಿಗೂ ಹೇಳುತ್ತಿರಲಿಲ್ಲ. ಆಕೆಯ ಹೆಸರಿನಲ್ಲಿ ಒಳಗೆ ಹೋದರೆ ಕತ್ತೆ ಒತ್ತಿದರೂ ಚೀಟಿ ಬರುತ್ತಿತ್ತು! ಹಗಲಿನಲ್ಲಿ ಆ ಕುರ್ಚಿಯಲ್ಲಿ ಕೂರುವ ಧೈರ್ಯ ಹೇಗೂ ಯಾರಿಗೂ ಇರಲಿಲ್ಲ.

ಹೀಗಿರುವಾಗ ಮಗಳು ಬಸುರಿಯಾದಳು.

ಮಗಳು ಇದ್ದದ್ದು ಅಲ್ಲಿಂದ ಒಂದು ಹಗಲಿನ ಪ್ರಯಾಣದ ಊರಿನಲ್ಲಿ. ಡಾಕ್ಟರು ಕೊಟ್ಟ ದಿನಕ್ಕೆ ಮೂರು ವಾರ ಉಳಿದಾಗ ಫೋನಿನಲ್ಲಿ ಅವಳ ಅಳುದನಿ ಬಂತು.

“ಅಮ್ಮಾ, ನೀನು ಬರ್ತೀಯೋ ಇಲ್ವೋ? ಒಂದು ಮಾತು ಹೇಳಿಬಿಡು. ನನ್ನ ಮದುವೆಗೂ ನೀನು ಹಿಂದಿನ ದಿನ ಸಂಜೆ ಬಂದೆ. ಈಗ್ಲೂ ಹಂಗೇ ಮಾಡ್ತೀಯಾ?”

“ಬರ್ತೀನಿ ಕಣೇ. ಒಂದು ತಿಂಗಳು ಇರ್ತೀನಿ.”

“ನಿಮ್ಮ ಕಾರ್ಖಾನೆ ಯಜಮಾನ್ರು ಬಿಡ್ತಾರಾ?”

ಅಕ್ಕ ಕನ್ನಡಕ ಮೇಲಕ್ಕೆ ತಳ್ಳಿಕೊಂಡಳು. ಯಜಮಾನರು ಬಿಡಲಿಲ್ಲ. ಅವರು ಕೆಟ್ಟವರಲ್ಲ, ಹೆದರುವವರು.

“ಅಕ್ಕಾ, ಎರಡು ದಿನ ಅಂದ್ರೆ ಹೇಗೋ ತಳ್ಳಬಹುದು. ಒಂದು ತಿಂಗಳು ಚೀಟಿ ಇಲ್ಲ ಅಂದ್ರೆ ಅರ್ಧ ಊರು ಗೋಡೆ ಹಿಡ್ಕೊಂಡು ಓಡಾಡುತ್ತೆ. ನಿಮ್ಮ ಕೈನ ನಾನು ಎಲ್ಲಿಂದ ತರಲಿ? ಒಂದು ಕೆಲಸ ಮಾಡಿ. ಉಜ್ಜೋ ಮೇಸ್ತ್ರಿ ಹಳಬರು, ಚೀಟಿ ಸರಿ ಇದೆಯೋ ತಪ್ಪೋ ಅವರಿಗೆ ಗೊತ್ತಾಗುತ್ತೆ. ಅವರ ಕೈಯಲ್ಲಿ ಒಂದೇ ಒಂದು ಚೀಟಿ ಬರಿಸಿ ತೋರಿಸಿ. ಅವತ್ತೇ ರಜೆ.”

ಮಾಡಿದ್ದುಣ್ಣೋ ಮಹರಾಯ ಎಂದರೆ ಇದೇ. ನಿಜ ಹೇಳಿದರೆ ಹನ್ನೊಂದು ವರ್ಷದ ಮರ್ಯಾದೆ ಮಣ್ಣುಪಾಲು. ಹೇಳದಿದ್ದರೆ ಮಗಳು ಆಸ್ಪತ್ರೆಯಲ್ಲಿ ಒಬ್ಬಳೇ. ಎರಡು ದಿನ ಊಟ ರುಚಿಸಲಿಲ್ಲ. ಮೂರನೆಯ ದಿನ ಅಂಗಿಯ ಗುಂಡಿ ಹಾಕಿಡುವ ಡಬ್ಬಿಯ ತಳದಿಂದ ಸಣಕಲು ಮನುಷ್ಯನ ಹಾಳೆ ತೆಗೆದಳು. ಆರು ಸಾಲನ್ನು ಎಲ್ಲರಿಗೂ ಸೇರಿದ ಫೈಲಿಗೆ ಗುಟ್ಟಾಗಿ ಹಾಕಿಬಿಟ್ಟರೆ ಎಲ್ಲರ ಕೈಗೂ ಗುಣ ಬರುತ್ತದೆ. ಯಾಕೆ ಬಂತು ಎಂದು ಯಾರೂ ಕೇಳುವುದಿಲ್ಲ. ಇಷ್ಟು ವರ್ಷ ಯಾಕೆ ಬರಲಿಲ್ಲ ಎಂದೇ ಕೇಳದ ಜನ! ಹಾಳೆಯ ಅಂಚಿನಲ್ಲಿ ಆ ಮನುಷ್ಯ ಒಂದು ಎಚ್ಚರಿಕೆಯನ್ನೂ ಬರೆದಿದ್ದ: ಟೇಬಲನ್ನು ನಿಮ್ಮ ಮನೆಯಲ್ಲಿ ಇಟ್ಟಿದ್ದೇನೆ, ನಿಮ್ಮ ಫೈಲಿನಲ್ಲಿ ಬರೀ ‘ಮನೆ’ ಎಂದಿದೆ, ಎಲ್ಲರ ಫೈಲಿನಲ್ಲಿ ಹಾಗೆ ಬರೆಯಬೇಡಿ, ನಿಮ್ಮ ಮನೆಯ ಪೂರ್ತಿ ವಿಳಾಸ ಬರೆಯಿರಿ. ಊಟದ ಹೊತ್ತಿನಲ್ಲಿ ಹಜಾರ ಖಾಲಿಯಾದಾಗ ಅಕ್ಕ ದೊಡ್ಡ ಪಾಸ್‌ವರ್ಡ್ ಹಾಕಿ, ಒಂದೊಂದೇ ಅಕ್ಷರ ನೋಡಿ ನೋಡಿ ಬರೆದು ಮುಗಿಸಿದಳು.

ಮಧ್ಯಾಹ್ನ ಮೂವರನ್ನೂ ಕರೆದು, “ಎಲ್ರೂ ಒಂದ್ಸಲ ಒತ್ತಿ ನೋಡಿ,” ಎಂದಳು. ಪ್ಯಾಕಿಂಗ್‌ನವಳಿಗೆ ಕಮಾಂಡ್ ಸಿಗಲಿಲ್ಲ. ಬಣ್ಣದವಳಿಗೆ ಸಿಗಲಿಲ್ಲ. ಮೇಸ್ತ್ರಿ ಒತ್ತಿ, ಪರದೆ ಓದಿ, ಎದ್ದು ಹೋದರು. ಯಜಮಾನರು ದೂರದಿಂದಲೇ ಕೈ ಮುಗಿದರು. ಅಕ್ಕನ ಕೈಗುಣ ಅಂದು ಇನ್ನೂ ಒಂದು ಮೊಳ ಬೆಳೆಯಿತು, ಆಕೆಗೆ ಮಾತ್ರ ಜೀವ ಬಾಯಿಗೆ ಬಂತು.

ಎಲ್ಲಿ ತಪ್ಪಿತೆಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಹೊಳೆಸಿದ್ದು ಗಂಡ, ಅದೂ ತಾನೇನು ಮಾಡಿದೆನೆಂದು ತಿಳಿಯದೆ. ಆತ ಬಸ್ ಕಂಡಕ್ಟರು. ಸಂಜೆ ಬಂದು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದ: “ಇವತ್ತು ಮಧ್ಯಾಹ್ನದಿಂದ ಹೊಸ ದರ ಕಣೇ. ಚೆಕಿಂಗ್‌ನವನು ಹತ್ತಿ, ಈ ಪ್ಯಾಸೆಂಜರುಗಳ ಹತ್ರ ಯಾಕೆ ಹಳೇ ಟಿಕೆಟ್ಟು ಅಂತ ನನ್ನನ್ನ ಕೇಳ್ತಾನೆ! ಅವರು ಬೆಳಿಗ್ಗೆ ಹತ್ತಿದೋರು ಮಾರಾಯ. ಹತ್ತುವಾಗ ಏನು ಕೊಟ್ಟಿದ್ದೀವೋ ಇಳಿಯೋ ತನಕ ಅದೇ. ಹೊಸದು ಬೇಕು ಅಂದ್ರೆ ಇಳಿದು ಹತ್ತಲಿ!”

ಅಕ್ಕ ಕೈಯಲ್ಲಿದ್ದ ಸೌಟು ಹಾಗೇ ಹಿಡಿದು ನಿಂತಳು. ಇಳಿದು ಹತ್ತಬೇಕು. ಯಂತ್ರ ಕಿವಿಯಲ್ಲಿ ಹೇಳುವುದು ಬಾಗಿಲಲ್ಲಿ, ಒಳಗೆ ಬರುವಾಗ ಒಂದೇ ಸಲ. ಆ ಮೂವರು ಒಳಗೆ ಬಂದು ಯಾವ ಕಾಲವಾಯಿತೋ! ಯಂತ್ರ ಬಂದ ಹೊಸದರಲ್ಲಿ ಯಜಮಾನರು ಗೋಡೆಗೆ ‘ಯಂತ್ರ ಆರಿಸಕೂಡದು’ ಎಂದು ಬರೆದು ಅಂಟಿಸಿದ್ದರು. ಅದನ್ನು ಓದಿದವರು ಲಾಗೌಟ್ ಆಗುವುದೂ ಅಪರಾಧ ಎಂದುಕೊಂಡು, ಸಂಜೆ ಪರದೆಗೆ ಬಟ್ಟೆ ಮುಚ್ಚಿ ಹೋಗುತ್ತಿದ್ದರು. ಕೊನೆಯ ಸಲ ಕರೆಂಟು ಇಡೀ ದಿನ ಕೈಕೊಟ್ಟಿದ್ದು ಹೋದ ವರ್ಷ. ಅಂದು ಹತ್ತಿದವರು ಇಂದಿಗೂ ಇಳಿದಿರಲಿಲ್ಲ.

ಆದರೆ ಕಾರಣ ಹೇಳದೆ ಇಳಿಸುವುದು ಹೇಗೆ? ಮರುದಿನ ಅಕ್ಕ ಗಂಭೀರವಾಗಿ ಅಪ್ಪಣೆ ಕೊಡಿಸಿದಳು.

“ಎಲ್ರೂ ಲಾಗೌಟ್ ಮಾಡಿ. ಹೊರಗೆ ಹೋಗಿ ನಲ್ಲೀಲಿ ಕೈ ತೊಳ್ಕೊಳಿ. ಒರೆಸ್ಕೊಂಡು ಬಂದು ಹೊಸದಾಗಿ ಲಾಗಿನ್ ಆಗಿ. ಆಮೇಲೆ ಒತ್ತಿ.”

“ಸೋಪು ಹಾಕ್ಬೇಕಾ ಅಕ್ಕಾ?” ಎಂದಳು ಬಣ್ಣದವಳು.

“ಹಾಕಿದ್ರೆ ಒಳ್ಳೇದು,” ಎಂದಳು ಅಕ್ಕ. ಸುಳ್ಳು ಹೇಳುವವರು ಸಣ್ಣ ವಿವರದಲ್ಲಿ ಜಿಪುಣತನ ಮಾಡಬಾರದು.

ಪಾಸ್‌ವರ್ಡ್ ನೆನಪು ಮಾಡಿಕೊಳ್ಳುವುದಕ್ಕೇ ಅರ್ಧ ಗಂಟೆ ಹಿಡಿಯಿತು. ಪ್ಯಾಕಿಂಗ್‌ನವಳು ತನ್ನದನ್ನು ಸ್ಟೂಲಿನ ಅಡಿಯಲ್ಲಿ ಬರೆದುಕೊಂಡಿದ್ದಳು. ಸ್ಟೂಲು ಮಗುಚಿ ಓದಿ, ಒತ್ತಿದಳು. ಚೀಟಿ ಬಂತು! ಅವಳು ಕಿರುಚಿದ ಶಬ್ದಕ್ಕೆ ಉಜ್ಜುವ ಯಂತ್ರದವರು ಯಾರದೋ ಬೆರಳು ಹೋಯಿತೆಂದು ಓಡಿ ಬಂದರು. ಬಣ್ಣದವಳಿಗೂ ಬಂತು. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಒಂದೇ ಗಳಿಗೆಯಲ್ಲಿ ತಾನು ಬರೀ ಐವತ್ತೆರಡು ವರ್ಷದ ಹೆಂಗಸಾಗಿಬಿಟ್ಟೆನಲ್ಲ ಎಂದು ಅಕ್ಕನಿಗೆ ನಿಜಕ್ಕೂ ಬೇಸರವಾಯಿತು.

ಉಳಿದವರು ಮೇಸ್ತ್ರಿ. ಅರವತ್ತರ ಹತ್ತಿರದ, ಒಣಕಲು ದೇಹದ, ನಗುವುದನ್ನು ಖರ್ಚು ಎಂದುಕೊಂಡಿದ್ದ ಮನುಷ್ಯ. ಅವರು ಒತ್ತಿದರು. ಬರಲಿಲ್ಲ. ಎದ್ದು ಹೋಗಿ ಮತ್ತೆ ಕೈ ತೊಳೆದು ಬಂದು ಒತ್ತಿದರು. ಬರಲಿಲ್ಲ. ಮೂರನೆಯ ಸಲ ಮೊಣಕೈ ತನಕ ತೊಳೆದು ಬಂದರು. ಯಜಮಾನರು ನಿಟ್ಟುಸಿರು ಬಿಟ್ಟು, “ಹುಡುಗೀರು ಒತ್ತಿದ್ರೆ ಆಗ್ಲಿಲ್ಲ ಅಕ್ಕಾ, ಚೀಟಿ ತಪ್ಪಿದ್ರೆ ಅವರಿಗೆ ತಿಳಿಯಲ್ಲ. ಮೇಸ್ತ್ರಿ ಕೈಯಲ್ಲೇ ಬರ್ಬೇಕು. ರಜೆ ಮಾತು ಬಿಡಿ,” ಎಂದು ಹೊರಟುಹೋದರು.

ಅಕ್ಕ ಮೇಸ್ತ್ರಿಯ ಪರದೆಯತ್ತ ಬಗ್ಗಿ ನೋಡಿದಳು. ಅಲ್ಲಿ ‘ಕಮಾಂಡ್ ನಾಟ್ ಫೌಂಡ್’ ಇರಲಿಲ್ಲ. ‘ಟೇಬಲ್ ನಾಟ್ ಫೌಂಡ್’ ಎಂದಿತ್ತು. ಉಳಿದಿಬ್ಬರಿಗೆ ಚೀಟಿಯೇ ಬಂದಿರುವಾಗ ಇವರಿಗೆ ಕಮಾಂಡ್ ಸಿಕ್ಕಿ ಟೇಬಲ್ ಮಾತ್ರ ಸಿಗದಿರುವುದೆಂದರೇನು? ಊಟದ ಹೊತ್ತಿಗೆ ದೊಡ್ಡ ಪಾಸ್‌ವರ್ಡ್ ಹಾಕಿ ಯಂತ್ರದಲ್ಲಿದ್ದ ಮೇಸ್ತ್ರಿಯ ಮನೆಯೊಳಗೆ ಇಣುಕಿದಳು. ಅಲ್ಲಿ ಚುಕ್ಕಿ ಇಟ್ಟ ಫೈಲೊಂದು ಇತ್ತು. ತೆಗೆದರೆ ಅದರಲ್ಲಿ ಅವಳದೇ ಆರು ಸಾಲು, ಅಕ್ಷರಕ್ಕೆ ಅಕ್ಷರ!

‘ಎಲಾ ಕಳ್ಳ!’ ಎಂದಿತು ಅಕ್ಕನ ಮನಸ್ಸು. ತಾನೇ ಹನ್ನೊಂದು ವರ್ಷದ ಕಳ್ಳಿ ಎಂಬುದು ಆ ಕ್ಷಣಕ್ಕೆ ಮರೆತಿತ್ತು. ಆಮೇಲೆ ನಗು ಬಂತು. ಮೂರನೆಯ ಸಾಲು ಟೇಬಲ್ ‘ಮನೆ’ಯಲ್ಲಿದೆ ಎನ್ನುತ್ತಿತ್ತು. ಅಕ್ಕ ಲಾಗಿನ್ ಆದರೆ ಯಂತ್ರ ಅಕ್ಕನ ಮನೆಯಲ್ಲಿ ಹುಡುಕುತ್ತದೆ, ಟೇಬಲ್ ಅಲ್ಲೇ ಇದೆ. ಮೇಸ್ತ್ರಿ ಲಾಗಿನ್ ಆದರೆ ಮೇಸ್ತ್ರಿಯ ಮನೆಯಲ್ಲಿ ಹುಡುಕುತ್ತದೆ, ಅಲ್ಲಿ ಏನಿದೆ ಮಣ್ಣು? ಈಗ ಎಲ್ಲರ ಫೈಲು ಸರಿಯಾದ ವಿಳಾಸ ಹೇಳಿ ಕಳಿಸಿದರೂ, ಆಮೇಲೆ ಇವರ ಸ್ವಂತ ಫೈಲು ಅದನ್ನು ಅಳಿಸಿ ತನ್ನದೇ ಹೇಳುತ್ತಿತ್ತು. ಈ ಆರು ಸಾಲು ಒರೆಸಿ, ಇನ್ನೊಂದು ಸಲ ಕೈ ತೊಳೆಸಿದರೆ ಮುಗಿಯಿತು. ಗುಟ್ಟೂ ಉಳಿಯುತ್ತದೆ, ರಜೆಯೂ ಸಿಗುತ್ತದೆ. ಒರೆಸಿಯೂಬಿಟ್ಟಳು. ಹಗುರ ಮನಸ್ಸಿನಿಂದ ಮೇಸ್ತ್ರಿಯನ್ನು ಕರೆಯಲು ಹೊರಗೆ ಹೋದಳು.

ಮೇಸ್ತ್ರಿ ಇನ್ನೂ ನಲ್ಲಿಯ ಹತ್ತಿರವೇ ಇದ್ದರು. ಗಾಜು ಉಜ್ಜುವ ಪುಡಿ ಹಾಕಿಕೊಂಡು ಅಂಗೈ ತಿಕ್ಕುತ್ತಿದ್ದರು. ಚರ್ಮ ಕೆಂಪಗಾಗಿತ್ತು.

“ಮೇಸ್ತ್ರಿಗಳೇ, ಅದೇನು ಮಾಡ್ತಿದ್ದೀರಿ? ಬಿಡಿ, ರಕ್ತ ಬರುತ್ತೆ!”

ಮೇಸ್ತ್ರಿ ತಲೆ ಎತ್ತಲಿಲ್ಲ. “ಅಕ್ಕಾ, ನಿಮ್ಮ ಹತ್ರ ಒಂದು ತಪ್ಪೊಪ್ಪಿಗೆ ಇದೆ. ಆ ಸಣಕಲು ಮನುಷ್ಯ ನಿಮ್ಮ ಫೈಲು ಬರೀವಾಗ ಕರೆಂಟು ಹೋಗ್ತಾ ಇತ್ತಲ್ಲ, ಟಾರ್ಚು ಹಿಡಿದಿದ್ದೋನು ನಾನೇ. ಅದರ ಹೆಸರು ನೋಡಿಟ್ಕೊಂಡಿದ್ದೆ. ಎಂಟು ವರ್ಷದ ಹಿಂದೆ ಒಂದಿನ ತಡೆಯೋಕಾಗ್ದೆ ನಿಮ್ಮ ಫೈಲು ತೆಗೆದು ಹಾಗೇ ಇಳಿಸ್ಕೊಂಡೆ. ಒಂದು ಅಕ್ಷರ ಬಿಟ್ಟಿಲ್ಲ. ಆದ್ರೂ ನನಗೆ ಬರ್ಲಿಲ್ಲ. ಅವತ್ತೇ ಗೊತ್ತಾಯ್ತು, ಇದು ಫೈಲಲ್ಲ, ಕೈ ಅಂತ. ನನ್ನ ಕೈಯೇ ಸರಿ ಇಲ್ಲ.”

“ಅಯ್ಯೋ, ಹಾಗೇನಿಲ್ಲ...”

“ಇದೆ ಅಕ್ಕಾ. ಅವತ್ತಿಂದ ಕೊನೇ ಪಾಲಿಶ್ ನಾನು ಮಾಡಿಲ್ಲ, ಬೇರೆಯೋರಿಗೆ ಬಿಟ್ಟಿದ್ದೀನಿ. ಯಾಕೆ ಯಾರದೋ ಕಣ್ಣು ಹಾಳು ಮಾಡೋದು? ಮೊಮ್ಮಗಳು ಹುಟ್ಟಿದಾಗ ನರ್ಸು ಮೊದಲು ನನ್ನ ಕೈಗೇ ಕೊಡೋಕೆ ಬಂದ್ಳು. ನಾನು ಕೈ ಹಿಂದೆ ಕಟ್ಕೊಂಡೆ. ಆಮೇಲೂ ಅಷ್ಟೇ, ಬಿದ್ದೀತು ಅಂತ ಎತ್ತಲೇ ಇಲ್ಲ. ಈಗ ಅವಳಿಗೆ ಐದು ವರ್ಷ. ಅಜ್ಜ ಸಿಡುಕ ಅಂತಾಳೆ.”

ಅಕ್ಕನಿಗೆ ತನ್ನ ಕುರ್ಚಿ, ಟೀ, ಹೊಗಳಿಕೆ ಎಲ್ಲ ನೆನಪಾಯಿತು. ತಾನು ಸುಮ್ಮನೆ ಕೂತು ಸವಿದದ್ದರ ಸಾಲವನ್ನು ಈ ಮನುಷ್ಯ ತನ್ನ ಮನೆಯಲ್ಲಿ ತೀರಿಸುತ್ತಿದ್ದ. ಸುಮ್ಮನಿದ್ದರೆ ಇನ್ನು ಐದು ನಿಮಿಷಕ್ಕೆ ಚೀಟಿ ಬರುತ್ತಿತ್ತು, ಅದೂ ಅಕ್ಕನ ಕೃಪೆ ಎಂದು ಅವರು ಜೀವನಪೂರ್ತಿ ಕೈ ಮುಗಿಯುತ್ತಿದ್ದರು. ಆಕೆಗೆ ಅದು ಸಹಿಸಲಾಗಲಿಲ್ಲ.

“ಮೇಸ್ತ್ರಿಗಳೇ, ಕೈ ಒರೆಸ್ಕೊಳಿ. ನಾನು ಹೇಳೋದು ಪೂರ್ತಿ ಕೇಳಿ, ಆಮೇಲೆ ಬೈರಿ.”

ಎಲ್ಲವನ್ನೂ ಹೇಳಿದಳು. ಬಾಗಿಲು, ಕಿವಿಮಾತು, ಎಲ್ಲರ ಫೈಲು, ಅವರವರ ಫೈಲು, ಮೂರನೆಯ ಸಾಲಿನ ಮನೆ. “ನೀವು ಸರಿಯಾಗೇ ಬರೆದಿದ್ರಿ. ಯಂತ್ರ ನಿಮ್ಮ ಮನೇಲಿ ಹುಡುಕ್ತು, ಟೇಬಲ್ ನನ್ನ ಮನೇಲಿತ್ತು. ಅಷ್ಟೇ. ಕೈಗೂ ಇದಕ್ಕೂ ಏನೂ ಸಂಬಂಧ ಇಲ್ಲ. ನನಗೆ ಮೊದಲ್ನೇ ದಿನದಿಂದ ಗೊತ್ತಿತ್ತು.”

ಮೇಸ್ತ್ರಿ ಒಳಗೆ ಹೋದರು. ಲಾಗೌಟ್ ಆದರು, ಲಾಗಿನ್ ಆದರು. ಒದ್ದೆ ಬೆರಳಲ್ಲೇ ಒತ್ತಿದರು. ಚೀಟಿ ಬಂತು. ಅದನ್ನು ಹರಿದು, ದೀಪಕ್ಕೆ ಹಿಡಿದು ಅಂಕಿಗಳನ್ನೆಲ್ಲ ಪರೀಕ್ಷಿಸಿ, ನೇರ ಯಜಮಾನರ ಮೇಜಿನ ಮೇಲೆ ಇಟ್ಟರು. ಅಕ್ಕ ಹಿಂದೆಯೇ ಓಡಿದಳು.

“ಚೀಟಿ ಸರಿ ಇದೆ. ಇವರಿಗೆ ಇವತ್ತಿಂದಲೇ ಒಂದು ತಿಂಗಳು ರಜೆ ಕೊಡಿ,” ಎಂದರು ಮೇಸ್ತ್ರಿ. “ನನಗೆ ಇವರ ಮೇಲೆ ಸಿಟ್ಟು ಬಂದಿದೆ. ಇಳಿಯೋಕೆ ಅಷ್ಟಾದ್ರೂ ಬೇಕು.”

ಯಜಮಾನರು ಇಬ್ಬರ ಮುಖವನ್ನೂ ನೋಡಿದರು. ಅಕ್ಕ ಒಮ್ಮೆ ಬಾಯಿ ಬಿಟ್ಟವಳು ಇನ್ನೇಕೆ ನಿಲ್ಲಿಸಲಿ ಎಂದು ಅವರಿಗೂ ಆರು ಸಾಲಿನ ಕಥೆ ಒಪ್ಪಿಸಿದಳು. ಅವರು ಕಣ್ಣರಳಿಸಿ ಕೇಳಿ, ಕೊನೆಗೆ ನಕ್ಕುಬಿಟ್ಟರು. “ಕೈಗುಣ ಇರೋರು ಯಾವಾಗ್ಲೂ ನನ್ನದೇನೂ ಇಲ್ಲ ಅಂತಾನೇ ಹೇಳೋದು ಅಕ್ಕಾ. ದೊಡ್ಡಗುಣ ನಿಮ್ದು. ಹೋಗೋ ಮುಂಚೆ ಕೆಟ್ಟು ನಿಂತಿರೋ ಆ ಹಳೇ ನೀರಿನ ಪಂಪನ್ನ ಒಂದ್ಸಲ ಮುಟ್ಟಿ ಹೋಗಿ.”

ಅಕ್ಕ ಮುಟ್ಟಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಯಾರ ಮುಖವನ್ನೂ ನೋಡದೆ ಗೇಟಿನ ತನಕ ಬಂದಳು. ಹಿಂದೆ ಹೆಜ್ಜೆಯ ಸದ್ದಾಯಿತು. ಮೇಸ್ತ್ರಿ. ಅವರ ಹುಬ್ಬು ಇನ್ನೂ ಗಂಟಿಕ್ಕಿಯೇ ಇತ್ತು.

“ನನಗೆ ಸಿಟ್ಟು ಇದೆ,” ಎಂದರು.

“ಇರಲಿ ಮೇಸ್ತ್ರಿಗಳೇ. ನ್ಯಾಯವಾಗೇ ಇದೆ.”

“ಇಳಿಯೋ ಹಾಗೆ ಕಾಣ್ತಿಲ್ಲ.”

“ಹೂಂ.”

ಮೇಸ್ತ್ರಿ ಕೆಂಪಾದ ಅಂಗೈಗಳನ್ನು ಒಮ್ಮೆ ನೋಡಿಕೊಂಡರು. “ಸಂಜೆ ಬೇಗ ಮನೆಗೆ ಹೋಗ್ತೀನಿ. ಮೊಮ್ಮಗಳು ಈಗ ಭಾರ ಇದ್ದಾಳೆ, ನನಗೆ ಬೆನ್ನು ನೋವು. ಎತ್ತೋಕಾಗುತ್ತೋ ಇಲ್ವೋ ನೋಡ್ಬೇಕು.” ಅಷ್ಟು ಹೇಳಿ ತಿರುಗಿ ಎರಡು ಹೆಜ್ಜೆ ಹೋದವರು ನಿಂತರು. “ಹೆರಿಗೆ ಆದ ತಕ್ಷಣ ಫೋನ್ ಮಾಡಿ. ನನಗಲ್ಲ, ಯಜಮಾನರಿಗೆ. ನಾನು ಪಕ್ಕದಲ್ಲೇ ನಿಂತಿರ್ತೀನಿ.”